ಯುಎಂಎಲ್ ಪ್ರಾಜೆಕ್ಟ್ ಫೈಲ್: ಸೇವ್ ಮಾಡುವುದು, ತೆರೆಯುವುದು, ತೆರೆಯದಿದ್ದರೆ ಉಳಿಸಿಕೊಳ್ಳುವುದು

ಯುಎಂಎಲ್ ಅಂದರೆ ಸಾಫ್ಟ್‌ವೇರ್‌ನ ರಚನೆಯನ್ನು ಪೆಟ್ಟಿಗೆ, ಗೆರೆಗಳಲ್ಲಿ ಬಿಡಿಸಿ ತೋರಿಸುವ ಪದ್ಧತಿ. ಕ್ಲಾಸ್‌ಗಳನ್ನು, ಅಂದರೆ ಒಂದೊಂದು ಬಗೆಯ ವಸ್ತುವಿನ ನಮೂನೆಗಳನ್ನು, ತೋರಿಸುವ ಚಿತ್ರ ಕ್ಲಾಸ್ ಡಯಾಗ್ರಾಂ. ಅದನ್ನು ಕಳಿಸಿ ಅಂದರೆ ಬಹಳ ಜನ ಒಂದು ಪಿಎನ್‌ಜಿ ಚಿತ್ರ ಕಳಿಸುತ್ತಾರೆ. ಇಡ್ಲಿ ಕೇಳಿದವರಿಗೆ ಇಡ್ಲಿಯ ಫೋಟೋ ಕೊಟ್ಟ ಹಾಗೆ. ರಿಪೋರ್ಟ್‌ಗೆ ಅಂಟಿಸಲು ಚಿತ್ರ ಸಾಕು. ಆದರೆ ನಾಳೆ ಒಂದು ಆಟ್ರಿಬ್ಯೂಟ್ (ಕ್ಲಾಸಿನ ಒಂದು ಗುಣ) ಸೇರಿಸಬೇಕು, ಒಂದು ಗೆರೆ ಬದಲಿಸಬೇಕು ಅಂದರೆ ಬೇಕಾಗುವುದು ಪ್ರಾಜೆಕ್ಟ್ ಫೈಲ್. ಅದು ಇಲ್ಲದಿದ್ದರೆ ಮೊದಲಿನಿಂದ ಎಲ್ಲ ಬಿಡಿಸಬೇಕು.

ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಸ್ಟಾರ್‌ಯುಎಂಎಲ್ ಅನ್ನುವ ಟೂಲ್‌ಗೆ. ಅದರ ಫೈಲನ್ನು ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು, ಹೀಗಾಗಿ ಒಳಗೆ ಏನು ನಡೆಯುತ್ತದೆ ಅಂತ ತೋರಿಸುವುದು ಸುಲಭ. ಆರ್ಗೋಯುಎಂಎಲ್, ಎಕ್ಲಿಪ್ಸ್ ಪಪೈರಸ್, ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಮತ್ತು ಡ್ರಾ ಡಾಟ್ ಐಓ ಅನ್ನುವ ಬೇರೆ ಟೂಲ್‌ಗಳ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ಮೊದಲು ಒಂದು ವಿಷಯ: ಮಾಡೆಲ್ ಬೇರೆ, ಚಿತ್ರ ಬೇರೆ

ಮಾಡೆಲಿಂಗ್ ಟೂಲ್‌ನಲ್ಲಿ ನೀವು "ಸದಸ್ಯ" ಅಂತ ಒಂದು ಕ್ಲಾಸ್ ಮಾಡಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು ಕ್ಲಾಸ್. ಅದರ ಹೆಸರು, ಆಟ್ರಿಬ್ಯೂಟ್, ಆಪರೇಷನ್ (ಅದು ಮಾಡುವ ಕೆಲಸ) ಎಲ್ಲ ಅದರಲ್ಲಿ ಇರುತ್ತವೆ. ಇನ್ನೊಂದು ಆ ಕ್ಲಾಸಿನ ನೋಟ, ಅಂದರೆ ಪರದೆಯ ಮೇಲೆ ಕಾಣುವ ಪೆಟ್ಟಿಗೆ. ಒಂದೇ ಕ್ಲಾಸ್ ಮೂರು ಡಯಾಗ್ರಾಂಗಳಲ್ಲಿ ಕಾಣಿಸಿಕೊಂಡರೆ ಮಾಡೆಲ್ ಒಂದು, ಪೆಟ್ಟಿಗೆ ಮೂರು.

ಸ್ಟಾರ್‌ಯುಎಂಎಲ್‌ನಲ್ಲಿ ಇದನ್ನು ಈಗಲೇ ಪರೀಕ್ಷೆ ಮಾಡಿ ನೋಡಿ. ಪೆಟ್ಟಿಗೆ ಆರಿಸಿ ಡಿಲೀಟ್ ಕೀ ಒತ್ತಿ. ಚಿತ್ರದಿಂದ ಹೋಯಿತು. ಆದರೆ ಮಾಡೆಲ್ ಎಕ್ಸ್‌ಪ್ಲೋರರ್ ಅನ್ನುವ ಪಟ್ಟಿಯಲ್ಲಿ "ಸದಸ್ಯ" ಇನ್ನೂ ಇದೆ, ಅಲ್ವಾ? ಅಲ್ಲಿಂದ ಎಳೆದು ತಂದು ಡಯಾಗ್ರಾಂ ಮೇಲೆ ಬಿಟ್ಟರೆ ಪೆಟ್ಟಿಗೆ ಮತ್ತೆ ಬರುತ್ತದೆ. ಆಟ್ರಿಬ್ಯೂಟ್ ಸಮೇತ. ಮಾಡೆಲ್‌ನಿಂದಲೇ ತೆಗೆಯಬೇಕಾದರೆ ಕಂಟ್ರೋಲ್ ಮತ್ತು ಡಿಲೀಟ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಇದು ಗೊತ್ತಿಲ್ಲದೆ ಡಿಲೀಟ್ ಮಾಡುತ್ತ, ಮತ್ತೆ ಹೊಸದಾಗಿ ಬಿಡಿಸುತ್ತ ಹೋದರೆ ಒಂದೇ ಹೆಸರಿನ ನಾಲ್ಕೈದು ಕ್ಲಾಸ್‌ಗಳು ಫೈಲಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಕೋಡ್ ಜನರೇಟ್ ಮಾಡಿದ ದಿನ ಅವೆಲ್ಲ ಹೊರಗೆ ಬರುತ್ತವೆ.

ಫೈಲ್ ತೆರೆಯುವಾಗ, ಕಳಿಸುವಾಗ ಬರುವ ತೊಂದರೆಗಳಲ್ಲಿ ಎಷ್ಟೋ ಈ ಜೋಡಿಯಿಂದಲೇ ಬರುತ್ತವೆ. ಕೆಲವು ಟೂಲ್‌ಗಳು ಎರಡನ್ನೂ ಒಂದೇ ಫೈಲಿನಲ್ಲಿ ಇಡುತ್ತವೆ. ಕೆಲವು ಬೇರೆ ಬೇರೆ ಫೈಲಿನಲ್ಲಿ ಇಡುತ್ತವೆ. ನಿಮ್ಮ ಟೂಲ್ ಯಾವ ಗುಂಪಿನದು ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಸ್ಟಾರ್‌ಯುಎಂಎಲ್‌ನಲ್ಲಿ ಸೇವ್ ಮಾಡುವುದು

ಹಂತ 1. ಏನನ್ನೂ ಬಿಡಿಸುವ ಮೊದಲೇ ಸೇವ್ ಮಾಡಿ. ಫೈಲ್ ಮೆನುವಿನಲ್ಲಿ ಸೇವ್, ಅಥವಾ ಕಂಟ್ರೋಲ್ ಮತ್ತು ಎಸ್. ಮೊದಲ ಸಲ ಜಾಗ ಮತ್ತು ಹೆಸರು ಕೇಳುತ್ತದೆ. ಫೈಲಿನ ಕೊನೆಗೆ ಡಾಟ್ ಎಂಡಿಜೆ ಅಂತ ಸೇರುತ್ತದೆ.

ಹಂತ 2. ಜಾಗ ಯೋಚಿಸಿ ಆರಿಸಿ. ಡೌನ್‌ಲೋಡ್ಸ್ ಫೋಲ್ಡರ್ ಬೇಡ, ಡೆಸ್ಕ್‌ಟಾಪ್ ಬೇಡ. ಪ್ರಾಜೆಕ್ಟ್‌ಗೆ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಮಾಡೆಲ್ ಫೈಲಿಗೆ ಒಂದು, ಎಕ್ಸ್‌ಪೋರ್ಟ್ ಮಾಡಿದ ಚಿತ್ರಗಳಿಗೆ ಒಂದು ಫೋಲ್ಡರ್ ಇರಲಿ. ಕಾಲೇಜಿನ ಲ್ಯಾಬ್ ಕಂಪ್ಯೂಟರ್ ಆದರೆ ಪೆನ್‌ಡ್ರೈವ್‌ನಲ್ಲಿರುವ ಫೈಲ್ ಮೇಲೆ ನೇರವಾಗಿ ಕೆಲಸ ಮಾಡಬೇಡಿ. ಸೇವ್ ಆಗುವ ಹೊತ್ತಿಗೆ ಯಾರಾದರೂ ಪೆನ್‌ಡ್ರೈವ್ ಕಿತ್ತರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಮೊದಲು ಕಂಪ್ಯೂಟರ್‌ಗೆ ಕಾಪಿ ಮಾಡಿ, ಕೆಲಸ ಮುಗಿಸಿ, ಆಮೇಲೆ ವಾಪಸ್ ಕಾಪಿ ಮಾಡಿ.

ಹಂತ 3. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡಿ. ಕನ್ನಡಾಭಿಮಾನ ಕಡಿಮೆ ಅಂತಲ್ಲ. ಜಿಪ್ ಮಾಡುವ ಹಳೆಯ ಸಾಫ್ಟ್‌ವೇರ್, ಕಮಾಂಡ್ ಸಾಲಿನ ಸ್ಕ್ರಿಪ್ಟ್ ಇವುಗಳ ಕೈಗೆ ಸಿಕ್ಕಿದ ಕನ್ನಡ ಹೆಸರು ಎಷ್ಟೋ ಸಲ ಚೌಕಗಳಾಗಿ, ಪ್ರಶ್ನೆ ಚಿಹ್ನೆಗಳಾಗಿ ಹೊರಬರುತ್ತದೆ. ಫೈಲಿನ ಒಳಗೆ ಮಾತ್ರ ಕ್ಲಾಸ್‌ಗಳ ಹೆಸರನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಎಂಡಿಜೆ ಫೈಲ್ ಯೂನಿಕೋಡ್ ಪಠ್ಯ. "ಸದಸ್ಯ", "ಪುಸ್ತಕ", "ಎರವಲು" ಎಲ್ಲ ಹಾಗೆಯೇ ಉಳಿಯುತ್ತವೆ.

ಹಂತ 4. ಮಾಡೆಲ್ ಎಕ್ಸ್‌ಪ್ಲೋರರ್‌ನಲ್ಲಿ ಎಲ್ಲಕ್ಕಿಂತ ಮೇಲಿರುವ ಪ್ರಾಜೆಕ್ಟ್ ಅನ್ನು ಆರಿಸಿ. ಕೆಳಗೆ ಹೆಸರು, ಲೇಖಕ, ಸಂಸ್ಥೆ, ಆವೃತ್ತಿ ಬರೆಯಲು ಜಾಗ ಕಾಣುತ್ತದೆ. ಆವೃತ್ತಿಯ ಜಾಗವನ್ನು ಖಾಲಿ ಬಿಡಬೇಡಿ. ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಒಳಗೆ ಬರೆದದ್ದು ಫೈಲಿನ ಜೊತೆಯಲ್ಲೇ ಹೋಗುತ್ತದೆ.

ಹಂತ 5. ದೊಡ್ಡ ಬದಲಾವಣೆಗೆ ಮುಂಚೆ ಸೇವ್ ಆ್ಯಸ್ ಬಳಸಿ ಹೊಸ ಹೆಸರಿನಲ್ಲಿ ಒಂದು ಪ್ರತಿ ಮಾಡಿ. ಇಲ್ಲೊಂದು ಎಡವಟ್ಟು ಆಗುತ್ತದೆ. ಸೇವ್ ಆ್ಯಸ್ ಮಾಡಿದ ಮೇಲೆ ನಿಮ್ಮ ಮುಂದೆ ತೆರೆದಿರುವುದು ಹೊಸ ಫೈಲ್, ಹಳೆಯದಲ್ಲ. "ಬ್ಯಾಕಪ್" ಅಂತ ಹೆಸರಿಟ್ಟು ಸೇವ್ ಮಾಡಿ ಕೆಲಸ ಮುಂದುವರಿಸಿದರೆ ಹೊಸ ಕೆಲಸವೆಲ್ಲ ಬ್ಯಾಕಪ್ ಫೈಲಿಗೇ ಹೋಗುತ್ತದೆ. ಹೀಗಾಗಿ ನನ್ನ ಮಾತು ಕೇಳುವುದಾದರೆ ಬ್ಯಾಕಪ್ ಪ್ರತಿಯನ್ನು ಟೂಲ್ ಒಳಗಿಂದ ಮಾಡಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ, ಪೇಸ್ಟ್ ಮಾಡಿ. ಹೆಸರಿಗೆ ದಿನಾಂಕ ಸೇರಿಸುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. ಆಗ ಫೈಲ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. "ಫೈನಲ್", "ಫೈನಲ್ ಹೊಸದು", "ಇದೇ ಫೈನಲ್" ಅನ್ನುವ ಹೆಸರುಗಳ ಕಥೆ ಎಲ್ಲರಿಗೂ ಗೊತ್ತು.

ಚಿತ್ರ ಬೇಕಾದರೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಡಯಾಗ್ರಾಂ ಆ್ಯಸ್ ಬಳಸಿ. ಪಿಎನ್‌ಜಿ, ಜೆಪೆಗ್, ಎಸ್‌ವಿಜಿ ಸಿಗುತ್ತವೆ. ಲೈಸೆನ್ಸ್ ಹಾಕದ ಪ್ರತಿಯಲ್ಲಿ ಚಿತ್ರದ ಮೇಲೆ ನೋಂದಣಿ ಆಗಿಲ್ಲ ಅನ್ನುವ ಗುರುತು ಬೀಳುತ್ತದೆ. ಪ್ರಾಜೆಕ್ಟ್ ಫೈಲಿಗೆ ಅದರಿಂದ ಏನೂ ಆಗುವುದಿಲ್ಲ.

ಫೈಲಿನ ಒಳಗೆ ಒಮ್ಮೆ ಇಣುಕಿ

ಎಂಡಿಜೆ ಫೈಲಿನ ಒಂದು ಪ್ರತಿ ಮಾಡಿ, ಅದನ್ನು ವಿಎಸ್ ಕೋಡ್ ಅಥವಾ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಳಗೆ ಇರುವುದು ಜೇಸನ್, ಅಂದರೆ ಮಾಹಿತಿಯನ್ನು ಹೆಸರು, ಬೆಲೆ ಅಂತ ಜೋಡಿ ಮಾಡಿ ಬರೆಯುವ ಪಠ್ಯ ರೂಪ. ಮೊದಲ ಅಕ್ಷರ ಹೂ ಆವರಣ ({). ಎರಡನೇ ಸಾಲಿನಲ್ಲಿ ಟೈಪ್ ಅಂತಿದ್ದು ಅದರ ಮುಂದೆ ಪ್ರಾಜೆಕ್ಟ್ ಅಂತ ಇರುತ್ತದೆ. ಅದರ ಕೆಳಗೆ ಐಡಿ. ಐಡಿ ಅಂದರೆ ಅಕ್ಷರ, ಅಂಕಿ ಕಲಸಿದ ಒಂದು ಉದ್ದ ಸರ, ಸಾಮಾನ್ಯವಾಗಿ ಕೊನೆಯಲ್ಲಿ ಸಮ ಚಿಹ್ನೆ. ಅರ್ಥ ಹುಡುಕಬೇಡಿ. ಪ್ರತಿ ವಸ್ತುವಿಗೂ ಬೇರೆ ಐಡಿ ಇದೆ ಅಂತ ತಿಳಿದರೆ ಸಾಕು.

ಈಗ "ಸದಸ್ಯ" ಅಂತ ಹುಡುಕಿ. ಒಂದು ಕಡೆ ಟೈಪ್ ಯುಎಂಎಲ್‌ಕ್ಲಾಸ್ ಅಂತ ಸಿಗುತ್ತದೆ. ಅದು ಮಾಡೆಲ್. ಇನ್ನೊಂದು ಕಡೆ, ಡಯಾಗ್ರಾಂ ಭಾಗದಲ್ಲಿ, ಟೈಪ್ ಯುಎಂಎಲ್‌ಕ್ಲಾಸ್‌ವ್ಯೂ ಅಂತ ಸಿಗುತ್ತದೆ. ಅದು ಪೆಟ್ಟಿಗೆ. ಅದರೊಳಗೆ ಎಡಕ್ಕೆ ಎಷ್ಟು, ಮೇಲಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಅನ್ನುವ ಸಂಖ್ಯೆಗಳಿವೆ. ಜೊತೆಗೆ ಮಾಡೆಲ್ ಅನ್ನುವ ಸಾಲಿನಲ್ಲಿ ಮೊದಲು ನೋಡಿದ ಕ್ಲಾಸಿನ ಐಡಿ ಇದೆ. ಪೆಟ್ಟಿಗೆಗೆ ತನ್ನ ಕ್ಲಾಸ್ ಸಿಗುವುದು ಈ ಒಂದು ಸಾಲಿನಿಂದ.

ಇದರಿಂದ ಎರಡು ವಿಷಯ ಅರ್ಥವಾಗುತ್ತವೆ. ಐಡಿಗಳನ್ನು ಕೈಯಿಂದ ತಿದ್ದಬಾರದು. ಮತ್ತೆ, ಪೆಟ್ಟಿಗೆಯನ್ನು ಮೌಸ್‌ನಿಂದ ಒಂದಿಷ್ಟು ಆ ಕಡೆ ಸರಿಸಿದರೂ ಫೈಲ್ ಬದಲಾಗುತ್ತದೆ. ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಟ್ಟುಕೊಂಡು ನೋಡಿದರೆ ಏನೂ ಮಾಡದ ದಿನವೂ ನೂರು ಸಾಲು ಬದಲಾದ ಹಾಗೆ ಕಾಣುವುದು ಇದಕ್ಕೇ.

ತೆರೆಯುವುದು

ನಿಮ್ಮದೇ ಫೈಲ್, ನಿಮ್ಮದೇ ಕಂಪ್ಯೂಟರ್ ಆದರೆ ಹೇಳಲು ಏನೂ ಇಲ್ಲ. ಕಂಟ್ರೋಲ್ ಮತ್ತು ಓ ಒತ್ತಿ, ಫೈಲ್ ಆರಿಸಿ. ಬೇರೆಯವರಿಂದ ಬಂದ ಫೈಲ್ ಆದಾಗ ಕೆಲಸ ಶುರು.

ಮೊದಲು ಫೈಲ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಎಂಡಿಜೆ ಆದಮೇಲೆ ಡಾಟ್ ಟಿಎಕ್ಸ್‌ಟಿ ಅಂತ ಬಾಲ ಅಂಟಿಕೊಂಡಿದ್ದರೆ ಈಗ ಕಾಣುತ್ತದೆ. ರೀನೇಮ್ ಮಾಡಿ ಬಾಲ ಕತ್ತರಿಸಿ.

ಡಬಲ್ ಕ್ಲಿಕ್ ನಂಬಬೇಡಿ. ಟೂಲ್ ಮೊದಲು ತೆರೆದು, ಅದರ ಓಪನ್ ಮೆನುವಿನಿಂದ ಫೈಲ್ ಆರಿಸಿ. ಆಗ ತಪ್ಪು ಎಲ್ಲಿದೆ ಅಂತ ಟೂಲ್ ಹೇಳುವ ಸಂದೇಶವಾದರೂ ಸಿಗುತ್ತದೆ. ಜಿಪ್ ಒಳಗಿರುವ ಫೈಲನ್ನು ಅಲ್ಲಿಂದಲೇ ತೆರೆಯುವುದೂ ಬೇಡ. ವಿಂಡೋಸ್ ಅದನ್ನು ಯಾವುದೋ ತಾತ್ಕಾಲಿಕ ಜಾಗದಲ್ಲಿ ಬಿಚ್ಚಿ ಕೊಡುತ್ತದೆ. ನೀವು ಅಲ್ಲೇ ಸೇವ್ ಮಾಡುತ್ತೀರಿ, ಆಮೇಲೆ ಜಿಪ್ ನೋಡಿದರೆ ಹಳೆಯದೇ ಇರುತ್ತದೆ. ಪೂರ್ತಿ ಎಕ್ಸ್‌ಟ್ರಾಕ್ಟ್ ಮಾಡಿ, ಆಮೇಲೆ ತೆರೆಯಿರಿ.

ಕಳಿಸಿದವರು ಯಾವ ಆವೃತ್ತಿ ಬಳಸಿದ್ದಾರೆ ಅಂತ ಕೇಳಿ. ಹೊಸ ಆವೃತ್ತಿಯಲ್ಲಿ ಬಂದ ಡಯಾಗ್ರಾಂ ಬಗೆ ಹಳೆಯ ಆವೃತ್ತಿಗೆ ಗೊತ್ತಿರುವುದಿಲ್ಲ. ಟೂಲ್‌ಗೆ ಯಾವುದಾದರೂ ಆ್ಯಡ್-ಆನ್ (ಇದಕ್ಕೂ ಎಕ್ಸ್‌ಟೆನ್ಷನ್ ಅಂತಲೇ ಹೆಸರು) ಹಾಕಿಕೊಂಡು ಮಾಡಿದ ಮಾಡೆಲ್ ಆದರೆ ನಿಮ್ಮಲ್ಲೂ ಅದೇ ಆ್ಯಡ್-ಆನ್ ಬೇಕಾಗಬಹುದು.

ಡಾಟ್ ಯುಎಂಎಲ್ ಅನ್ನುವ ಗೊಂದಲ

ಒಂದೇ ಫೈಲ್ ಎಕ್ಸ್‌ಟೆನ್ಷನ್ ಅನ್ನು ಮೂರು ಟೂಲ್‌ಗಳು ಮೂರು ಬೇರೆ ರೀತಿಯ ಫೈಲಿಗೆ ಇಟ್ಟುಕೊಂಡಿವೆ. ಸ್ಟಾರ್‌ಯುಎಂಎಲ್‌ನ ಮೊದಲ ತಲೆಮಾರು, ಅಂದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿದ್ದ ಹಳೆಯ ಓಪನ್ ಸೋರ್ಸ್ ಆವೃತ್ತಿ, ಡಾಟ್ ಯುಎಂಎಲ್ ಅಂತ ಉಳಿಸುತ್ತಿತ್ತು. ಆರ್ಗೋಯುಎಂಎಲ್ ಕೂಡ ಜಿಪ್ ಮಾಡದ ಪ್ರಾಜೆಕ್ಟ್‌ಗೆ ಅದೇ ಹೆಸರು ಕೊಡುತ್ತದೆ. ಎಕ್ಲಿಪ್ಸ್‌ನ ಪಪೈರಸ್‌ಗೂ ಡಾಟ್ ಯುಎಂಎಲ್ ಇದೆ. ಒಂದರ ಫೈಲನ್ನು ಇನ್ನೊಂದರಲ್ಲಿ ತೆರೆದರೆ ದೋಷ ಅಂತ ಬರುತ್ತದೆ, ಫೈಲ್ ಕೆಟ್ಟಿದೆ ಅಂತ ನೀವು ಅಂದುಕೊಳ್ಳುತ್ತೀರಿ. ಫೈಲ್ ಚೆನ್ನಾಗಿಯೇ ಇರುತ್ತದೆ.

ಪತ್ತೆ ಮಾಡುವುದು ಸುಲಭ. ಮೂರೂ ಎಕ್ಸ್‌ಎಂಎಲ್, ಅಂದರೆ ಟ್ಯಾಗ್‌ಗಳಲ್ಲಿ ಬರೆದ ಪಠ್ಯ. ಪಠ್ಯ ಎಡಿಟರ್‌ನಲ್ಲಿ ತೆರೆದು ಮೊದಲ ಕೆಲವು ಸಾಲು ನೋಡಿ. ಎಕ್ಸ್‌ಪಿಡಿ ಪ್ರಾಜೆಕ್ಟ್ ಅಂತ ಇದ್ದರೆ ಹಳೆಯ ಸ್ಟಾರ್‌ಯುಎಂಎಲ್. ಬರೀ ಯುಎಂಎಲ್ ಅನ್ನುವ ಟ್ಯಾಗ್, ಅದರೊಳಗೆ ಆರ್ಗೋ ಅಂತ ಇದ್ದರೆ ಆರ್ಗೋಯುಎಂಎಲ್. ಯುಎಂಎಲ್, ಕೋಲನ್, ಮಾಡೆಲ್ ಅಂತ ಇದ್ದು ಪಕ್ಕದಲ್ಲಿ ಎಕ್ಲಿಪ್ಸ್‌ನ ವಿಳಾಸ ಕಂಡರೆ ಪಪೈರಸ್ ಅಥವಾ ಎಕ್ಲಿಪ್ಸ್ ಬಳಗದ ಬೇರೊಂದು ಟೂಲ್.

ಆರ್ಗೋಯುಎಂಎಲ್‌ನ ಹಳೆಯ ಫೈಲ್‌ಗಳು

ಆರ್ಗೋಯುಎಂಎಲ್ ಯುಎಂಎಲ್ 1.4ಕ್ಕೇ ನಿಂತುಬಿಟ್ಟ ಟೂಲ್. ಅದರ 0.34 ಆವೃತ್ತಿ ಬಂದದ್ದು 2011ರಲ್ಲಿ. ಹೊಸ ಕೆಲಸಕ್ಕೆ ಇದನ್ನು ಆರಿಸಬೇಡಿ ಅಂತಲೇ ಹೇಳುತ್ತೇನೆ. ಆದರೆ ಹಳೆಯ ಪ್ರಾಜೆಕ್ಟ್‌ಗಳ ಸಿಡಿಯಲ್ಲಿ ಡಾಟ್ ಝಾರ್ಗೋ ಫೈಲ್‌ಗಳು ಸಿಕ್ಕೇ ಸಿಗುತ್ತವೆ.

ಝಾರ್ಗೋ ಅಂದರೆ ಒಂದು ಜಿಪ್ ಫೈಲ್, ಅಷ್ಟೇ. ಪ್ರತಿ ಮಾಡಿ, ಎಕ್ಸ್‌ಟೆನ್ಷನ್ ಅನ್ನು ಜಿಪ್ ಅಂತ ಬದಲಿಸಿ, ಬಿಚ್ಚಿ. ಒಳಗೆ ಎಕ್ಸ್‌ಎಂಐ ಫೈಲ್ ಒಂದು ಇರುತ್ತದೆ. ಅದು ಮಾಡೆಲ್. ಪ್ರತಿ ಡಯಾಗ್ರಾಂಗೂ ಒಂದೊಂದು ಪಿಜಿಎಂಎಲ್ ಫೈಲ್ ಇರುತ್ತದೆ. ಅವು ಚಿತ್ರಗಳು. ಇನ್ನು ಆರ್ಗೋ ಅಂತ ಕೊನೆಯಾಗುವ ಫೈಲ್, ಇವನ್ನೆಲ್ಲ ಒಂದು ಕಡೆ ಕಟ್ಟುವ ಪಟ್ಟಿ. ಮಾಡೆಲ್ ಬೇರೆ, ಚಿತ್ರ ಬೇರೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಝಾರ್ಗೋ ತೆರೆಯದಿದ್ದರೆ ಮೊದಲು ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ, ಕೊನೆಗೆ ಅಲೆಯಂಥ ಚಿಹ್ನೆ ಇರುವ ಫೈಲ್ ಇದೆಯಾ ನೋಡಿ. ಅದು ಹಿಂದಿನ ಸಲ ಸೇವ್ ಮಾಡಿದ ಪ್ರತಿ. ಚಿಹ್ನೆ ತೆಗೆದು ಬೇರೆ ಹೆಸರಿಟ್ಟು ತೆರೆಯಿರಿ. ಅದೂ ಇಲ್ಲದಿದ್ದರೆ ಜಿಪ್ ಬಿಚ್ಚಿ ಎಕ್ಸ್‌ಎಂಐ ಮಾತ್ರ ಹೊರತೆಗೆಯಿರಿ, ಫೈಲ್ ಮೆನುವಿನ ಇಂಪೋರ್ಟ್ ಎಕ್ಸ್‌ಎಂಐ ಬಳಸಿ. ಕ್ಲಾಸ್‌ಗಳು, ಸಂಬಂಧಗಳು ಎಡಗಡೆಯ ಪಟ್ಟಿಯಲ್ಲಿ ಬರುತ್ತವೆ. ಡಯಾಗ್ರಾಂ ಬರುವುದಿಲ್ಲ. ಹೊಸ ಡಯಾಗ್ರಾಂ ಮಾಡಿ, ಪಟ್ಟಿಯಲ್ಲಿರುವ ಕ್ಲಾಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಆ್ಯಡ್ ಟು ಡಯಾಗ್ರಾಂ ಕೊಡುತ್ತ ಹೋಗಿ. ಬೇಜಾರಿನ ಕೆಲಸ, ಆದರೆ ಹೆಸರುಗಳನ್ನು ಮತ್ತೆ ಟೈಪ್ ಮಾಡುವುದು ತಪ್ಪುತ್ತದೆ.

ಆರ್ಗೋಯುಎಂಎಲ್‌ನಲ್ಲಿ ಅನ್‌ಡೂ ನಂಬುವ ಹಾಗಿಲ್ಲ. ಹೀಗಾಗಿ ಅದರಲ್ಲಿ ತಿದ್ದುವಾಗ ಜಾಸ್ತಿ ಸಲ ಸೇವ್ ಮಾಡುವುದಕ್ಕಿಂತ ಜಾಸ್ತಿ ಪ್ರತಿ ಮಾಡಿಕೊಳ್ಳುವುದು ಮುಖ್ಯ.

ಪಪೈರಸ್: ಮೂರು ಫೈಲ್ ಒಟ್ಟಿಗೆ

ಪಪೈರಸ್‌ನಲ್ಲಿ ಒಂದು ಮಾಡೆಲ್ ಅಂದರೆ ಒಂದೇ ಹೆಸರಿನ ಮೂರು ಫೈಲ್. ಡಾಟ್ ಯುಎಂಎಲ್‌ನಲ್ಲಿ ಮಾಡೆಲ್, ಡಾಟ್ ನೋಟೇಷನ್‌ನಲ್ಲಿ ಚಿತ್ರ, ಡಾಟ್ ಡಿಐ ಅನ್ನುವುದು ಇವನ್ನು ತೆರೆಯುವ ಬಾಗಿಲು. ಪಪೈರಸ್ ನಡೆಯುವ ಎಕ್ಲಿಪ್ಸ್ ಒಳಗೆ ಮೂರೂ ಒಂದೇ ಐಟಂ ಆಗಿ ಕಾಣುತ್ತವೆ. ಹೀಗಾಗಿ ಡಿಐ ಒಂದನ್ನೇ ಮೇಲ್ ಮಾಡುವವರು ಸಿಗುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ.

ಹೆಸರು ಬದಲಿಸುವುದಾದರೆ ಎಕ್ಲಿಪ್ಸ್ ಒಳಗೇ ಬದಲಿಸಿ. ನೋಟೇಷನ್ ಫೈಲ್ ತನ್ನ ಯುಎಂಎಲ್ ಫೈಲನ್ನು ಹೆಸರು ಹಿಡಿದು ಹುಡುಕುತ್ತದೆ. ಹೊರಗಿನಿಂದ ಹೆಸರು ಬದಲಿಸಿದರೆ ಆ ಕೊಂಡಿ ತುಂಡಾಗುತ್ತದೆ, ಡಯಾಗ್ರಾಂ ಖಾಲಿಯಾಗಿ ತೆರೆಯುತ್ತದೆ.

ಕಳಿಸುವ ಸರಿಯಾದ ದಾರಿ: ಫೈಲ್, ಎಕ್ಸ್‌ಪೋರ್ಟ್, ಜನರಲ್, ಆರ್ಕೈವ್ ಫೈಲ್. ಇಡೀ ಪ್ರಾಜೆಕ್ಟ್ ಆರಿಸಿ ಜಿಪ್ ಮಾಡಿ. ತೆರೆಯುವವರು ಫೈಲ್, ಇಂಪೋರ್ಟ್, ಜನರಲ್, ಎಕ್ಸಿಸ್ಟಿಂಗ್ ಪ್ರಾಜೆಕ್ಟ್ಸ್ ಇಂಟು ವರ್ಕ್‌ಸ್ಪೇಸ್‌ಗೆ ಹೋಗಿ, ಅಲ್ಲಿ ಆರ್ಕೈವ್ ಫೈಲ್ ಆಯ್ಕೆ ಮಾಡಬೇಕು. ಎಕ್ಲಿಪ್ಸ್‌ಗೆ ಓಪನ್ ಫೈಲ್ ಗಿಂತ ಈ ದಾರಿಯೇ ಒಗ್ಗುತ್ತದೆ.

ಫೈಲ್ ತೆರೆಯುತ್ತಿಲ್ಲ, ಈಗೇನು

ಮತ್ತೆ ಸ್ಟಾರ್‌ಯುಎಂಎಲ್‌ಗೆ ಬರೋಣ. ಏನೇ ಮಾಡುವ ಮೊದಲು ಕೆಟ್ಟ ಫೈಲಿನ ಪ್ರತಿ ಮಾಡಿ, ಪ್ರತಿಯ ಮೇಲೆ ಮಾತ್ರ ಕೈಯಾಡಿಸಿ.

ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ಒಳಗೆ ಏನೂ ಇಲ್ಲ, ರಿಪೇರಿಗೆ ಸಮಯ ಹಾಳು ಮಾಡಬೇಡಿ. ನೇರವಾಗಿ ಹಳೆಯ ಪ್ರತಿ ಹುಡುಕಿ. ಗೂಗಲ್ ಡ್ರೈವ್‌ನಲ್ಲಿ ಇಟ್ಟಿದ್ದರೆ ಬ್ರೌಸರ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲ್ ಇನ್ಫರ್ಮೇಷನ್ ಒಳಗೆ ಮ್ಯಾನೇಜ್ ವರ್ಷನ್ಸ್ ನೋಡಿ. ಇಂಥ ಫೈಲ್‌ಗಳ ಹಳೆಯ ಪ್ರತಿಗಳನ್ನು ಅದು 30 ದಿನ ಅಥವಾ 100 ಆವೃತ್ತಿಯವರೆಗೆ ಇಟ್ಟುಕೊಂಡಿರುತ್ತದೆ. ಹೀಗಾಗಿ ತಡ ಮಾಡಬೇಡಿ.

ಗಾತ್ರ ಇದ್ದರೆ ಪಠ್ಯ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ ಅಕ್ಷರ ಹೂ ಆವರಣ ಆಗಿರಬೇಕು. ಅದರ ಬದಲು ಡಾಕ್‌ಟೈಪ್ ಎಚ್‌ಟಿಎಂಎಲ್ ಅಂತ ಕಂಡರೆ ನಿಮ್ಮ ಹತ್ತಿರ ಇರುವುದು ಪ್ರಾಜೆಕ್ಟ್ ಫೈಲ್ ಅಲ್ಲ, ಒಂದು ವೆಬ್ ಪುಟ. ಗಿಟ್‌ಹಬ್‌ನಲ್ಲಿ ಫೈಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಲಿಂಕ್ ಕೊಟ್ಟವರಿಗೆಲ್ಲ ಇದೇ ಆಗುವುದು. ಫೈಲ್ ಪುಟಕ್ಕೆ ಹೋಗಿ ಡೌನ್‌ಲೋಡ್ ರಾ ಫೈಲ್ ಗುಂಡಿ ಒತ್ತಿ.

ಕೊನೆಯ ಅಕ್ಷರವೂ ಹೂ ಆವರಣವೇ, ಮುಚ್ಚುವಂಥದ್ದು (}), ಆಗಿರಬೇಕು. ನಡುವೆ ಎಲ್ಲೋ ಒಂದು ಪದ ಅರ್ಧಕ್ಕೆ ನಿಂತಿದ್ದರೆ ಫೈಲ್ ಕತ್ತರಿಸಿ ಹೋಗಿದೆ. ಕಳಿಸಿದವರಿಂದ ಮತ್ತೆ ತರಿಸಿ. ಅವರಲ್ಲೂ ಇಲ್ಲದಿದ್ದರೆ ಆವರಣಗಳನ್ನು ಕೈಯಿಂದ ಮುಚ್ಚಿ ತೆರೆಯಲು ನೋಡಬಹುದು. ಆದರೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ, ಎಷ್ಟೋ ಐಡಿಗಳು ಸಿಗದೆ ಟೂಲ್ ಗೊಂದಲಕ್ಕೆ ಬೀಳುತ್ತದೆ. ಕ್ಲಾಸ್, ಆಟ್ರಿಬ್ಯೂಟ್ ಹೆಸರುಗಳನ್ನಾದರೂ ಓದಿ ಬರೆದುಕೊಳ್ಳಬಹುದು.

ಎರಡೂ ತುದಿ ಸರಿ ಇದ್ದು ತೆರೆಯದಿದ್ದರೆ ತಪ್ಪು ನಡುವೆ ಇದೆ. ಪೈಥಾನ್ ಇದ್ದರೆ ಅದರ ಜೊತೆಗೇ ಬರುವ ಜೇಸನ್ ಡಾಟ್ ಟೂಲ್ ಅನ್ನು ಹೈಫನ್ ಎಂ ಕೊಟ್ಟು, ಮುಂದೆ ಫೈಲಿನ ಹೆಸರು ಹಾಕಿ ಓಡಿಸಿ. ಎಲ್ಲ ಸರಿ ಇದ್ದರೆ ಇಡೀ ಫೈಲ್ ಪರದೆ ಮೇಲೆ ಹರಿದುಹೋಗುತ್ತದೆ. ತಪ್ಪಿದ್ದರೆ ಇಂಥ ಸಾಲು, ಇಂಥ ಕಾಲಂ ಅಂತ ಹೇಳುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಒಂದು ಅಲ್ಪವಿರಾಮ ಬಿಟ್ಟುಹೋಗಿರುತ್ತದೆ, ಅಥವಾ ಯಾರೋ ಹೆಸರು ತಿದ್ದುವಾಗ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬಂದಿರುತ್ತದೆ. ಏಳು ಎಡ ಬಾಣಗಳ ಸಾಲು ಕಂಡರೆ ಅದು ಗಿಟ್ ಬಿಟ್ಟುಹೋದ ಕಾನ್‌ಫ್ಲಿಕ್ಟ್ ಗುರುತು, ಅಂದರೆ ಇಬ್ಬರ ಬದಲಾವಣೆ ಒಂದಕ್ಕೊಂದು ಹೊಂದಲಿಲ್ಲ ಅಂತ.

ಇಬ್ಬರು ಒಟ್ಟಿಗೆ ಕೆಲಸ ಮಾಡುವಾಗ

ಆ ಕಾನ್‌ಫ್ಲಿಕ್ಟ್ ಅನ್ನು ಕೈಯಿಂದ ಬಿಡಿಸುವುದು ತಲೆನೋವು. ಗಿಟ್ ಸಾಲು ನೋಡುತ್ತದೆ, ಮಾಡೆಲ್ ನೋಡುವುದಿಲ್ಲ. ನೀವು ಕ್ಲಾಸ್ ಅಳಿಸಿ, ಇನ್ನೊಬ್ಬರು ಅದೇ ಕ್ಲಾಸಿಗೆ ಗೆರೆ ಎಳೆದಿದ್ದರೆ ಗಿಟ್ ಎರಡನ್ನೂ ಸೇರಿಸಿ ಖುಷಿಯಾಗಿರುತ್ತದೆ. ಜೇಸನ್ ಸರಿ ಇರುತ್ತದೆ, ಮಾಡೆಲ್ ಹಾಳಾಗಿರುತ್ತದೆ. ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಎಂಡಿಜೆ ಫೈಲ್‌ಗಳನ್ನು ಬೈನರಿ ಅಂತ ಗುರುತು ಮಾಡಿ. ಆಗ ತಾನಾಗಿ ಬೆರೆಸಲು ಹೋಗುವುದಿಲ್ಲ, ಯಾರದ್ದು ಇರಲಿ ಅಂತ ನಿಮ್ಮನ್ನೇ ಕೇಳುತ್ತದೆ.

ಕೆಲಸ ಹಂಚುವುದಾದರೆ ಪ್ಯಾಕೇಜ್ (ಕ್ಲಾಸ್‌ಗಳ ಗುಂಪು) ಲೆಕ್ಕದಲ್ಲಿ ಹಂಚಿ. ಒಂದು ಪ್ಯಾಕೇಜ್ ಆರಿಸಿ, ಫೈಲ್, ಎಕ್ಸ್‌ಪೋರ್ಟ್, ಫ್ರಾಗ್ಮೆಂಟ್ ಕೊಟ್ಟರೆ ಅಷ್ಟು ಭಾಗ ಮಾತ್ರ ಡಾಟ್ ಎಂಎಫ್‌ಜೆ ಫೈಲ್ ಆಗುತ್ತದೆ. ಇನ್ನೊಬ್ಬರು ಇಂಪೋರ್ಟ್, ಫ್ರಾಗ್ಮೆಂಟ್ ಮೂಲಕ ತಮ್ಮ ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳಬಹುದು. ಪ್ಯಾಕೇಜಿನ ಹೊರಗಿನ ಕ್ಲಾಸ್‌ಗೆ ಎಳೆದ ಗೆರೆಗಳು ಈ ದಾರಿಯಲ್ಲಿ ಕಳೆದುಹೋಗಬಹುದು, ಸೇರಿಸಿದ ಮೇಲೆ ಒಂದೊಂದಾಗಿ ನೋಡಿ. ಇಬ್ಬರೇ ಇದ್ದರೆ ಇಷ್ಟೆಲ್ಲ ಬೇಡ. "ಈಗ ಫೈಲ್ ನನ್ನ ಹತ್ತಿರ ಇದೆ" ಅಂತ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ, ಒಬ್ಬೊಬ್ಬರಾಗಿ ಕೆಲಸ ಮಾಡಿ.

ಉಳಿದ ಎರಡು ಟೂಲ್‌ಗಳು

ಡ್ರಾ ಡಾಟ್ ಐಓ ಶುರುವಿನಲ್ಲೇ ಎಲ್ಲಿ ಉಳಿಸಲಿ ಅಂತ ಕೇಳುತ್ತದೆ. ಡಿವೈಸ್ ಅಂದರೆ ನಿಮ್ಮ ಕಂಪ್ಯೂಟರ್. ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ ಡಯಾಗ್ರಾಂನ ಪ್ರತಿಯನ್ನೂ ಸೇರಿಸು ಅನ್ನುವ ಟಿಕ್ ಇದೆ. ಅದನ್ನು ಹಾಕಿದರೆ ಆ ಚಿತ್ರವನ್ನೇ ಮತ್ತೆ ತೆರೆದು ತಿದ್ದಬಹುದು. ಚಿತ್ರವೇ ಪ್ರಾಜೆಕ್ಟ್ ಫೈಲ್ ಕೂಡ ಆಗುವುದು ನಾನು ಹೇಳಿದ ಟೂಲ್‌ಗಳಲ್ಲಿ ಇಲ್ಲಿ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಪ್ರತಿ ಹೋಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಬೇರೆಯೇ ಜಾತಿ. ಆಸ್ಟ್ರೇಲಿಯಾದ ಸ್ಪಾರ್ಕ್ಸ್ ಸಿಸ್ಟಮ್ಸ್‌ನ ಈ ಟೂಲ್ ಸಾಮಾನ್ಯ ಪಠ್ಯ ಫೈಲ್ ಬದಲು ಡೇಟಾಬೇಸ್ ಬಳಸುತ್ತದೆ. ಮಾಡೆಲ್‌ಗೆ ಮಾಡಿದ ಬದಲಾವಣೆ ಆಗಲೇ ಅದರೊಳಗೆ ಹೋಗುತ್ತದೆ, ಕೊನೆಗೆ ಸೇವ್ ಮಾಡದೆ ಮುಚ್ಚಿ ಹಳೆಯದಕ್ಕೆ ವಾಪಸ್ ಹೋಗೋಣ ಅಂದರೆ ಆಗುವುದಿಲ್ಲ. ಹಳೆಯ ಡಾಟ್ ಇಎಪಿ ಫೈಲ್ ನಿಜಕ್ಕೂ ಮೈಕ್ರೋಸಾಫ್ಟ್ ಆ್ಯಕ್ಸೆಸ್ ಬಳಸುವ ಜೆಟ್ ಡೇಟಾಬೇಸ್. 16ನೇ ಆವೃತ್ತಿಯಿಂದ ಎಸ್‌ಕ್ಯೂಲೈಟ್ ಆಧಾರದ ಡಾಟ್ ಕ್ಯೂಇಎ ಬಂದಿದೆ. ಇಎಪಿ ತೆರೆದಿರುವಾಗ ಪಕ್ಕದಲ್ಲಿ ಡಾಟ್ ಎಲ್‌ಡಿಬಿ ಅನ್ನುವ ಸಣ್ಣ ಫೈಲ್ ಕಾಣುತ್ತದೆ, ಯಾರೋ ಬಳಸುತ್ತಿದ್ದಾರೆ ಅನ್ನುವ ಬೀಗ ಅದು. ಅದು ಇರುವಾಗ ಇಎಪಿ ಕಾಪಿ ಮಾಡಬೇಡಿ. ಜೆಟ್ ಡ್ರೈವರ್ 32 ಬಿಟ್‌ಗೆ ಮಾತ್ರ ಇದೆ, ಹೀಗಾಗಿ 64 ಬಿಟ್ ಟೂಲ್ ಇಎಪಿ ತೆರೆಯಲು ಒಪ್ಪದಿದ್ದರೆ ಅದರ 32 ಬಿಟ್ ಆವೃತ್ತಿಯಲ್ಲಿ ತೆರೆದು, ಪ್ರಾಜೆಕ್ಟ್ ಟ್ರಾನ್ಸ್‌ಫರ್ ಮೂಲಕ ಕ್ಯೂಇಎಗೆ ಸಾಗಿಸಿ, ಆಮೇಲೆ 64 ಬಿಟ್‌ನಲ್ಲಿ ಮುಂದುವರಿಸಿ.